ತಿದ್ದಿದ ಚಿತ್ರವು ಸತ್ಯವಾಗಬಲ್ಲುದೇ?

ಕಂಡದ್ದನ್ನು ಕಂಡಂತೆ ಹೇಳುವುದು ಸತ್ಯ. ಕಂಡದ್ದಕ್ಕೆ ತನ್ನದೊಂದನ್ನು ಸೇರಿಸಿ ಹೇಳುವುದು ಅಸತ್ಯ. ಬಾಲ್ಯದಿಂದಲೂ ಹಿರಿಯರು ನಮಗೆಲ್ಲ ಕಲಿಸಿದ ಪಾಠವಿದು. ಕೇಳುವುದಕ್ಕೆ ಇದಕ್ಕಿಂತ ಸರಳವಾದ ಮಾತು ಇನ್ನೊಂದಿಲ್ಲ. ಆದರೆ ಕಂಡದ್ದೇ ಮಸುಕಾಗಿದ್ದರೆ ಏನು ಮಾಡಬೇಕು? ಮಸುಕನ್ನು ಮಸುಕಾಗಿಯೇ ಒಪ್ಪಿಸುವುದು ಸತ್ಯವೋ, ಆ ಮಸುಕನ್ನು ಕಳೆದು ಅದರ ಹಿಂದಿರುವ ವಸ್ತುವನ್ನು ತೋರಿಸುವುದು ಸತ್ಯವೋ? ಮಸುಕನ್ನು ಕಳೆಯುವ ಭರದಲ್ಲಿ ಇಲ್ಲದ್ದನ್ನು ಕೂಡಿಸಿಬಿಟ್ಟರೆ ಅದನ್ನು ಅರಿಯುವ ಬಗೆ ಯಾವುದು? ವಾಚಕ ಮಹಾಶಯರೇ, ಹಳೆಯದಾದ ಈ ಪ್ರಶ್ನೆಯನ್ನು ಈ ಸಂಚಿಕೆಯಲ್ಲಿ ಒಂದು ಹೊಸ ನಿದರ್ಶನದ ಮೂಲಕ ವಿಚಾರಿಸೋಣ.

ನಮ್ಮ ಪ್ರಸಾದನಿಲಯದಲ್ಲಿ ಓದಿ ಈಗ ಉದ್ಯೋಗದಲ್ಲಿರುವ ಶಿಷ್ಯರೊಬ್ಬರು ಮನೆಯ ತಾರಸಿಯ ಮೇಲೆ ದೂರದರ್ಶಕವೊಂದನ್ನು ಇರಿಸಿಕೊಂಡು ಚಂದ್ರನ ಮತ್ತು ಗ್ರಹಗಳ ಛಾಯಾಚಿತ್ರಗಳನ್ನು ತೆಗೆಯುವ ಹವ್ಯಾಸವನ್ನು ಬೆಳೆಸಿಕೊಂಡಿದ್ದಾರೆ. ಅವರು ತಂದು ತೋರಿಸಿದ ಗುರುಗ್ರಹದ ಚಿತ್ರದಲ್ಲಿ ಗ್ರಹದ ಪಟ್ಟೆಗಳೂ ಪ್ರಸಿದ್ಧವಾದ ಅದರ ಕೆಂಪು ಮಚ್ಚೆಯೂ ಸ್ಫುಟವಾಗಿ ಮೂಡಿದ್ದವು. ಬಳಿಯಲ್ಲಿ ಕುಳಿತಿದ್ದ ಹಿರಿಯ ಭಕ್ತರೊಬ್ಬರು, “ಬುದ್ಧೀ, ಇದನ್ನೆಲ್ಲ ಗಣಕಯಂತ್ರದಲ್ಲಿ ತಿದ್ದುತ್ತಾರಂತೆ. ತಿದ್ದಿದ ಮೇಲೆ ಅದು ನಿಜವಾದ ಚಿತ್ರ ಹೇಗಾದೀತು?” ಎಂದು ಕೇಳಿದರು. ಶಿಷ್ಯರು ತಿದ್ದಿದ್ದು ಹೌದೆಂದೇ ಒಪ್ಪಿಕೊಂಡರು. ಆದರೆ ಚಿತ್ರ ಸುಳ್ಳೆಂಬುದನ್ನು ಒಪ್ಪಲಿಲ್ಲ. ಹಿರಿಯರ ಪ್ರಶ್ನೆ ಉಪೇಕ್ಷಿಸತಕ್ಕದ್ದಲ್ಲ. ಅದಕ್ಕೆ ಉತ್ತರ ಕಾಣಬೇಕಾದರೆ ಈ ಚಿತ್ರಗಳು ಸಿದ್ಧವಾಗುವ ಕ್ರಮವನ್ನು ಮೊದಲು ತಿಳಿಯಬೇಕು.

ಗುರುಗ್ರಹ ನಮಗೆ ಅತಿ ಸಮೀಪ ಬಂದಾಗಲೂ ಸುಮಾರು 60 ಕೋಟಿ ಕಿಲೋಮೀಟರು ದೂರದಲ್ಲಿರುತ್ತದೆ. ಆಗಲೂ ಆಕಾಶದಲ್ಲಿ ಅದರ ಬಿಂಬದ ಅಡ್ಡಳತೆ ಹುಣ್ಣಿಮೆಯ ಚಂದ್ರಬಿಂಬದ ಅಡ್ಡಳತೆಯ ಸುಮಾರು 36ರಲ್ಲಿ ಒಂದು ಪಾಲು ಮಾತ್ರ. ಅಲ್ಲಿಂದ ಹೊರಟ ಬೆಳಕು ಅರ್ಧ ಗಂಟೆಗೂ ಮಿಕ್ಕಿ ಶೂನ್ಯದಲ್ಲಿ ಯಾವ ಅಡಚಣೆಯೂ ಇಲ್ಲದೆ ಸಾಗಿ ಬಂದು, ಪಯಣದ ಕಟ್ಟಕಡೆಯ ಕ್ಷಣದಲ್ಲಿ ನಮ್ಮ ವಾಯುಮಂಡಲವನ್ನು ಹೊಕ್ಕು ಕಲಕಿಹೋಗುತ್ತದೆ. ಬಿಸಿಗಾಳಿಯೂ ತಣ್ಣನೆಯ ಗಾಳಿಯೂ ಬೆರೆತು ಬೆಳಕಿನ ದಾರಿಯನ್ನು ಕ್ಷಣಕ್ಷಣಕ್ಕೂ ಬಗ್ಗಿಸುತ್ತವೆ. ನಕ್ಷತ್ರಗಳು ಮಿನುಗುವುದಕ್ಕೆ ಇದೇ ಕಾರಣ. ಹರಿಯುವ ಹಳ್ಳದ ತಳದಲ್ಲಿ ಬಿದ್ದಿರುವ ನಾಣ್ಯವನ್ನು ಮೇಲಿನಿಂದ ನೋಡಿದರೆ ಅದು ನಡುಗುತ್ತಿರುವಂತೆ ತೋರುತ್ತದೆಯಲ್ಲವೇ? ನಾಣ್ಯ ನಡುಗುತ್ತಿಲ್ಲ, ನೀರು ಅಲುಗುತ್ತಿದೆ. ವಾಯುವೆಂಬ ಹಳ್ಳದ ತಳದಲ್ಲಿ ನಿಂತು ಮೇಲಕ್ಕೆ ನೋಡುವ ನಮಗೆ ಗ್ರಹಬಿಂಬವೂ ಹೀಗೆಯೇ ಕದಡಿ ಕಾಣುತ್ತದೆ.

ಆದರೆ ಈ ಕಲಕು ಎಲ್ಲ ಕ್ಷಣಗಳಲ್ಲಿಯೂ ಒಂದೇ ತೆರನಾಗಿರುವುದಿಲ್ಲ. ಆಗೊಮ್ಮೆ ಈಗೊಮ್ಮೆ, ಸೆಕೆಂಡಿನ ಒಂದು ಸಣ್ಣ ಪಾಲಿನಷ್ಟು ಹೊತ್ತು, ಗಾಳಿ ನಿಶ್ಚಲವಾಗುತ್ತದೆ. ಆ ಕ್ಷಣದಲ್ಲಿ ಬಿಂಬ ಸ್ಫುಟವಾಗಿ ಕಂಡು ಮತ್ತೆ ಮರೆಯಾಗುತ್ತದೆ. ಇಂತಹ ಸುಯೋಗದ ಕ್ಷಣಗಳು ಎಷ್ಟರಲ್ಲಿ ಒಂದು ದೊರೆಯಬಹುದೆಂಬುದನ್ನು ಡೇವಿಡ್ ಫ್ರೀಡ್ ಎಂಬ ಅಮೆರಿಕದ ವಿಜ್ಞಾನಿ 1978ರಲ್ಲಿ ಗಣಿತದಿಂದ ತೋರಿಸಿಕೊಟ್ಟರು. ಇಂದಿನ ಹವ್ಯಾಸಿಗಳ ಸಾಧನೆಗೆ ಈ ತತ್ತ್ವವೇ ತಳಹದಿ. ಅವರು ಗ್ರಹದ ಒಂದೇ ಚಿತ್ರವನ್ನು ತೆಗೆಯುವುದಿಲ್ಲ. ಸೆಕೆಂಡಿಗೆ ನೂರರಂತೆ ಎರಡು ನಿಮಿಷಗಳಲ್ಲಿ 12,000 ಬಿಡಿಚಿತ್ರಗಳನ್ನು ತೆಗೆಯುತ್ತಾರೆ. ಗುರುಗ್ರಹ ಹತ್ತು ಗಂಟೆಗಳೊಳಗಾಗಿ ತನ್ನನ್ನು ತಾನು ಒಂದು ಸುತ್ತು ಸುತ್ತುವುದರಿಂದ ಹೆಚ್ಚು ಹೊತ್ತು ಚಿತ್ರಿಸಿದರೆ ಮಚ್ಚೆಗಳು ಜರುಗಿ ಚಿತ್ರ ಕೆಡುತ್ತದೆ. ಬಳಿಕ ಗಣಕಯಂತ್ರವು ಅವುಗಳನ್ನು ಸ್ಫುಟತೆಯ ಕ್ರಮದಲ್ಲಿ ಜೋಡಿಸುತ್ತದೆ. ಉತ್ತಮವಾದ ಹತ್ತನೆಯ ಒಂದು ಪಾಲನ್ನು ಉಳಿಸಿಕೊಂಡು, ಅವುಗಳನ್ನು ಒಂದರ ಮೇಲೊಂದು ಸರಿಯಾಗಿ ಹೊಂದಿಸಿ ಸರಾಸರಿ ತೆಗೆಯಲಾಗುತ್ತದೆ. ಇದಕ್ಕೆ ಬೇಕಾದ ರೆಜಿಸ್ಟ್ಯಾಕ್ಸ್, ಆಟೋಸ್ಟ್ಯಾಕರ್ಟ್ ಮೊದಲಾದ ತಂತ್ರಾಂಶಗಳು ಎಲ್ಲರಿಗೂ ಉಚಿತವಾಗಿ ದೊರೆಯುತ್ತವೆ. ಬಿಡಿಚಿತ್ರದಲ್ಲಿ ಕ್ಯಾಮರಾದ ದೋಷದಿಂದ ತೋರುವ ಕಾಳುಕಾಳಾದ ಗೊಜಲು ಒಂದೊಂದರಲ್ಲಿ ಒಂದೊಂದು ಬಗೆಯಾಗಿರುತ್ತದೆ. ಆದುದರಿಂದ ಸರಾಸರಿಯಲ್ಲಿ ಅದು ಅಡಗಿಹೋಗುತ್ತದೆ. ನೂರು ಚಿತ್ರಗಳನ್ನು ಕೂಡಿಸಿದರೆ ಗೊಜಲು ಹತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. ಗ್ರಹದಲ್ಲಿ ನಿಜವಾಗಿ ಇರುವ ಗುರುತಾದರೋ ಎಲ್ಲ ಚಿತ್ರಗಳಲ್ಲಿಯೂ ಒಂದೇ ಎಡೆಯಲ್ಲಿ ಇರುವುದರಿಂದ ಅಡಗದೆ ಉಳಿಯುತ್ತದೆ. ಕೊನೆಯಲ್ಲಿ, ಮಂದವಾಗಿರುವ ಸೂಕ್ಷ್ಮ ಭೇದಗಳನ್ನು ಎತ್ತಿ ತೋರಿಸುವಂತೆ ಚಿತ್ರವನ್ನು ಹರಿತಗೊಳಿಸುತ್ತಾರೆ.

ಇದರಿಂದ ಹಿರಿಯರ ಪ್ರಶ್ನೆಗೆ ಅರ್ಧ ಉತ್ತರ ದೊರೆತಂತಾಯಿತು. ಮುಟ್ಟದೆ ಬಿಟ್ಟ ಬಿಡಿಚಿತ್ರವೇ ಸತ್ಯವೆಂದು ನಾವು ಭಾವಿಸುವುದಾದರೆ ಅದು ಗ್ರಹದ ಸತ್ಯವಲ್ಲ. ಗಾಳಿಯ ಚೇಷ್ಟೆಯನ್ನು ಗ್ರಹದ ಮೇಲೆ ಹೊರಿಸಿದಂತೆ. ಕಾಮಾಲೆಯಾದವನಿಗೆ ಬಿಳಿಯ ಶಂಖ ಹಳದಿಯಾಗಿ ಕಾಣುತ್ತದೆಂಬುದು ನಮ್ಮ ಶಾಸ್ತ್ರಕಾರರು ಮತ್ತೆ ಮತ್ತೆ ಕೊಡುವ ದೃಷ್ಟಾಂತ. ‘ನನಗೆ ಹಳದಿಯಾಗಿ ಕಂಡಿತು, ಆದುದರಿಂದ ಶಂಖ ಹಳದಿ’ ಎಂದು ಅವನು ಸಾಧಿಸಿದರೆ ಅವನು ಕಂಡದ್ದನ್ನು ಕಂಡಂತೆಯೇ ಹೇಳುತ್ತಿದ್ದಾನೆ, ನಿಜ. ಆದರೆ ಸತ್ಯವನ್ನು ಹೇಳುತ್ತಿಲ್ಲ. ತನ್ನ ಕಣ್ಣಿನ ದೋಷವನ್ನು ಅರಿತು ಅದನ್ನು ಲೆಕ್ಕಕ್ಕೆ ಹಿಡಿದು ಶಂಖ ಬಿಳಿಯದೆಂದು ನಿಶ್ಚಯಿಸುವವನೇ ಸತ್ಯಕ್ಕೆ ಸಮೀಪ. ಪ್ರತ್ಯಕ್ಷವು ‘ಅವ್ಯಭಿಚಾರಿ’ಯಾಗಿರಬೇಕು, ಎಂದರೆ ವಸ್ತುವಿನಿಂದ ತಪ್ಪಿ ಅತ್ತಿತ್ತ ಹೋಗದಂತಿರಬೇಕು ಎಂದು ನ್ಯಾಯಸೂತ್ರಕಾರರು ವಿಧಿಸಿದ್ದರಲ್ಲಿ ಈ ವಿವೇಕವೇ ಅಡಗಿದೆ. ಆದುದರಿಂದ ತಿದ್ದುವುದೆಲ್ಲ ಸುಳ್ಳಲ್ಲ. ಅಡ್ಡ ಬಂದದ್ದನ್ನು ಕಳೆಯುವುದು ತಿದ್ದುವಿಕೆ. ವಸ್ತುವಿನಲ್ಲಿ ಇಲ್ಲದ್ದನ್ನು ಕೂಡಿಸುವುದೂ ಇರುವುದನ್ನು ಬೇಕೆಂದು ಮರೆಸುವುದೂ ತಿರುಚುವಿಕೆ.

ಇಲ್ಲಿ ವಿಚಾರವಂತರಾದ ವಾಚಕರು ಇನ್ನೊಂದು ಆಕ್ಷೇಪವನ್ನು ಎತ್ತಬಹುದು. ಹನ್ನೆರಡು ಸಾವಿರದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ತಳ್ಳಿಹಾಕುವುದು ಪಕ್ಷಪಾತವಲ್ಲವೇ? ಬೇಕಾದ ಸಾಕ್ಷಿಗಳನ್ನು ಉಳಿಸಿಕೊಂಡು ಬೇಡವಾದವರನ್ನು ಹೊರಗಟ್ಟುವ ವಕೀಲನಿಗೂ ಇವರಿಗೂ ಏನು ಭೇದ? ಭೇದವಿದೆ, ಬಹಳ ಇದೆ. ವಕೀಲನು ಸಾಕ್ಷಿ ಏನು ಹೇಳುತ್ತಾನೆಂಬುದನ್ನು ನೋಡಿ ಆರಿಸುತ್ತಾನೆ. ಛಾಯಾಚಿತ್ರಕಾರನು ಸಾಕ್ಷಿಯ ಕಣ್ಣು ಶುದ್ಧವಾಗಿದೆಯೇ ಎಂಬುದನ್ನಷ್ಟೇ ನೋಡಿ ಆರಿಸುತ್ತಾನೆ. ಕೆಂಪು ಮಚ್ಚೆ ಇರುವ ಚಿತ್ರ ಬರಲಿ, ಇಲ್ಲದ್ದು ಹೋಗಲಿ ಎಂಬ ನಿಯಮ ಅಲ್ಲಿಲ್ಲ. ಗಾಳಿ ನಿಂತ ಕ್ಷಣದ್ದು ಬರಲಿ, ಕಲಕಿದ ಕ್ಷಣದ್ದು ಹೋಗಲಿ ಎಂಬುದೊಂದೇ ನಿಯಮ. ಫಲ ಏನಾಗಬೇಕೆಂಬುದನ್ನು ಮುಂಚೆಯೇ ನಿಶ್ಚಯಿಸಿಕೊಳ್ಳದ ಆಯ್ಕೆ ವಿವೇಕ. ಫಲವನ್ನು ನಿಶ್ಚಯಿಸಿಕೊಂಡು ಮಾಡುವ ಆಯ್ಕೆ ವಂಚನೆ. ಈ ಒಂದು ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಫಲವನ್ನು ಮುಂಚೆಯೇ ನಿಶ್ಚಯಿಸಿಕೊಂಡರೆ ಎಂಥ ಮೇಧಾವಿಯೂ ಹೇಗೆ ಮೋಸಹೋಗುತ್ತಾನೆಂಬುದಕ್ಕೆ ಮಂಗಳಗ್ರಹದ ಕಾಲುವೆಗಳ ಕಥೆ ಸಾಕ್ಷಿಯಾಗಿದೆ. 1877ರಲ್ಲಿ ಇಟಲಿಯ ಸ್ಕಿಯಾಪರೆಲ್ಲಿ ಎಂಬ ಖಗೋಳಜ್ಞರು ಮಂಗಳನ ಮೇಲೆ ಉದ್ದವಾದ ಗೆರೆಗಳನ್ನು ಕಂಡು ‘ಕನಾಲಿ’ ಎಂದು ಹೆಸರಿಟ್ಟರು. ಇಟಲಿಯ ಭಾಷೆಯಲ್ಲಿ ಅದು ಸ್ವಾಭಾವಿಕವಾದ ಕಾಲುವೆಗೂ ಸಲ್ಲುವ ಮಾತು. ಆದರೆ ಅದು ಇಂಗ್ಲಿಷಿಗೆ ಹೋಗುವಾಗ ತೋಡಿದ ಕಾಲುವೆ ಎಂಬ ಅರ್ಥವನ್ನು ಪಡೆಯಿತು. ತೋಡಿದ ಕಾಲುವೆ ಇದ್ದರೆ ತೋಡಿದವರೂ ಇರಬೇಕಲ್ಲವೇ? ಅಮೆರಿಕದ ಪರ್ಸಿವಲ್ ಲೊವೆಲ್ ಎಂಬ ಶ್ರೀಮಂತರು 1894ರಲ್ಲಿ ಅರಿಜೋನಾ ಪ್ರಾಂತದ ಫ್ಲಾಗ್‌ಸ್ಟಾಫ್‌ನಲ್ಲಿ ತಮ್ಮದೇ ವೀಕ್ಷಣಾಲಯವನ್ನು ಕಟ್ಟಿಸಿ, ನೂರಾರು ಕಾಲುವೆಗಳ ನಕ್ಷೆ ಬರೆದು, ಒಣಗುತ್ತಿರುವ ಲೋಕವೊಂದರಲ್ಲಿ ನೀರಿಗಾಗಿ ಹೆಣಗುವ ಬುದ್ಧಿಜೀವಿಗಳಿದ್ದಾರೆಂದು ಸಾರಿದರು. ಅವರು ಸುಳ್ಳುಗಾರರಾಗಿರಲಿಲ್ಲ, ಶ್ರದ್ಧಾವಂತರು, ಪರಿಶ್ರಮಿಗಳು. 1905ರಲ್ಲಿ ಅವರ ಸಹಾಯಕ ಲ್ಯಾಂಪ್‌ಲೆಂಡ್ ತೆಗೆದ ಅತಿ ಚಿಕ್ಕ ಛಾಯಾಚಿತ್ರಗಳಲ್ಲಿಯೂ ಲೊವೆಲ್ ಅವರಿಗೆ ಕಾಲುವೆಗಳೇ ಕಂಡವು. ಬೇರೆ ಅನೇಕರಿಗೆ ಕಾಣಲಿಲ್ಲ.

ಅದಕ್ಕೂ ಮುಂಚೆಯೇ, 1903ರಲ್ಲಿ, ಇಂಗ್ಲೆಂಡಿನ ಮಾಂಡರ್ ಎಂಬ ಖಗೋಳಜ್ಞರು ಗ್ರೀನಿಚ್ಚಿನ ಶಾಲೆಯೊಂದರ ಹುಡುಗರಿಂದ ಒಂದು ಪ್ರಯೋಗ ಮಾಡಿಸಿದ್ದರು. ಗೆರೆಗಳೇ ಇಲ್ಲದೆ ಚುಕ್ಕೆಗಳೂ ಅಸ್ಪಷ್ಟವಾದ ಕಲೆಗಳೂ ಮಾತ್ರ ಇದ್ದ ಬಿಂಬವೊಂದನ್ನು ದೂರದಲ್ಲಿಟ್ಟು ಕಂಡಂತೆ ಬರೆಯಲು ಹೇಳಿದರೆ, ಹಲವರು ಹುಡುಗರು ಚುಕ್ಕೆಗಳನ್ನು ಕೂಡಿಸಿ ಗೆರೆಗಳನ್ನೇ ಎಳೆದರು. 1909ರಲ್ಲಿ ಆಂಟೋನಿಯಾಡಿ ಎಂಬವರು ಪ್ಯಾರಿಸ್ಸಿನ ಬಳಿಯ ಮ್ಯೂಡಾನಿನಲ್ಲಿ 83 ಸೆಂಟಿಮೀಟರಿನ ದೊಡ್ಡ ದೂರದರ್ಶಕದಿಂದ, ಗಾಳಿ ನಿಶ್ಚಲವಾಗಿದ್ದ ರಾತ್ರಿಯಲ್ಲಿ ಮಂಗಳನನ್ನು ನೋಡಿದಾಗ ಗೆರೆಗಳು ಮಾಯವಾಗಿ ಬಿಡಿಬಿಡಿಯಾದ ಕಲೆಗಳು ಉಳಿದವು. ಕೊನೆಗೆ 1965ರ ಜುಲೈ ತಿಂಗಳಲ್ಲಿ ಮ್ಯಾರಿನರ್-4 ನೌಕೆ ಕಳುಹಿಸಿದ ಚಿತ್ರಗಳಲ್ಲಿ ಕಾಲುವೆಗಳ ಬದಲು ಕುಳಿಗಳು ತೋರಿಬಂದವು. ಹಗ್ಗವನ್ನು ಹಾವೆಂದು ಕಂಡಂತಾಯಿತು. ಶಂಖದ ಹಳದಿಯಾದರೋ ಕಣ್ಣಿನ ದೋಷ. ಹಗ್ಗದ ಹಾವು ಮನಸ್ಸಿನ ಸೃಷ್ಟಿ. ಮೊದಲನೆಯದನ್ನು ಉಪಕರಣದಿಂದ ಕಳೆಯಬಹುದು, ಎರಡನೆಯದನ್ನು ಕಳೆಯುವುದು ಕಷ್ಟ.

ಈ ಮನಸ್ಸಿನ ಕೆಲಸವನ್ನು ಇಂದು ಯಂತ್ರಕ್ಕೂ ಕಲಿಸಿದ್ದೇವೆ. 2023ರಲ್ಲಿ ಒಬ್ಬರು ಚಂದ್ರನ ಚಿತ್ರವೊಂದನ್ನು ಬೇಕೆಂದೇ ಪೂರ್ತಿ ಮಸುಕುಗೊಳಿಸಿ, ಅದನ್ನು ಗಣಕಯಂತ್ರದ ಪರದೆಯ ಮೇಲಿರಿಸಿ, ಕತ್ತಲೆಯ ಕೋಣೆಯಲ್ಲಿ ದೂರದಿಂದ ಒಂದು ಮೊಬೈಲ್ ಫೋನಿನಿಂದ ಛಾಯಾಚಿತ್ರ ತೆಗೆದರು. ಪರದೆಯ ಮೇಲೆ ಇಲ್ಲದಿದ್ದ ಕುಳಿಗಳೂ ಕಲೆಗಳೂ ಫೋನಿನ ಚಿತ್ರದಲ್ಲಿ ಮೂಡಿದ್ದವು. ಚಂದ್ರನ ಬಹಳ ಚಿತ್ರಗಳನ್ನು ನೋಡಿ ಕಲಿತಿದ್ದ ಕೃತಕ ಬುದ್ಧಿಮತ್ತೆಯು ಇಲ್ಲಿ ಚಂದ್ರನಿದ್ದಾನೆಂದು ಗುರುತಿಸಿ ವಿವರಗಳನ್ನು ತಾನೇ ತುಂಬಿತ್ತು. ಫಲಿತಾಂಶ ಅಂದವಾಗಿತ್ತು, ಚಂದ್ರನನ್ನು ಹೋಲುತ್ತಲೂ ಇತ್ತು. ಆದರೂ ಅದು ಸಾಕ್ಷಿಯಾಗಲಿಲ್ಲ. ಏಕೆಂದರೆ ಆ ವಿವರಗಳು ಆ ಹೊತ್ತು ಮಸೂರದೊಳಗೆ ಬಂದ ಬೆಳಕಿನಿಂದ ಹುಟ್ಟಿದವಲ್ಲ. ಪರೀಕ್ಷೆಯಲ್ಲಿ ಉತ್ತರವನ್ನು ಕಂಠಪಾಠ ಮಾಡಿ ಬರೆದವನ ಉತ್ತರ ಸರಿಯಾಗಿಯೇ ಇರಬಹುದು. ಆದರೆ ಅವನು ಲೆಕ್ಕ ಮಾಡಿದನೆಂದು ಯಾರೂ ಹೇಳಲಾರರು.

‘ಹೋಲುತ್ತದೆಯಷ್ಟೆ, ಇದರಿಂದ ಹಾನಿಯೇನು?’ ಎಂದು ಕೇಳುವವರಿಗೆ 2009ರ ಒಂದು ಘಟನೆಯೇ ಉತ್ತರ. ಆಸ್ಟ್ರೇಲಿಯದ ಕ್ಯಾನ್‌ಬೆರಾ ನಗರಕ್ಕೆ ಸಮೀಪದ ಮರಂಬೇಟ್‌ಮನ್ ಎಂಬ ಊರಿನಲ್ಲಿ ಆಂಟನಿ ವೆಸ್ಲಿ ಎಂಬ ಹವ್ಯಾಸಿಗಳು 37 ಸೆಂಟಿಮೀಟರಿನ ದೂರದರ್ಶಕದಿಂದ ಗುರುಗ್ರಹವನ್ನು ಚಿತ್ರಿಸುತ್ತಿದ್ದರು. ಆ ವರ್ಷದ ಜುಲೈ 19ರಂದು ಗ್ರಹದ ದಕ್ಷಿಣ ಧ್ರುವದ ಬಳಿ ಕಪ್ಪು ಕಲೆಯೊಂದು ಅವರಿಗೆ ಗೋಚರಿಸಿತು. ಅವರು ಕೂಡಲೇ ಕುಣಿದಾಡಲಿಲ್ಲ. ಅದೊಂದು ಸಾಮಾನ್ಯವಾದ ಬಿರುಗಾಳಿಯ ಮಚ್ಚೆ ಇರಬಹುದೆಂದು ಮೊದಲು ಭಾವಿಸಿದರು. ಬಳಿಕ, ಗುರುವಿನ ಉಪಗ್ರಹವೊಂದರ ನೆರಳೇ ಎಂದು ಪರಿಶೀಲಿಸಿದರು. ಸ್ಥಾನವೂ ಚಲನೆಯೂ ಹೊಂದಲಿಲ್ಲ. ಎರಡು ರಾತ್ರಿಗಳ ಹಿಂದೆ ಅದೇ ಭಾಗವನ್ನು ತೆಗೆದಿದ್ದ ತಮ್ಮ ಚಿತ್ರಗಳನ್ನು ಹುಡುಕಿ ನೋಡಿದರು. ಅವುಗಳಲ್ಲಿ ಕಲೆ ಇರಲಿಲ್ಲ. ಆಮೇಲಷ್ಟೇ ಅವರು ಲೋಕಕ್ಕೆ ತಿಳಿಸಿದರು. ಹವಾಯಿ ದ್ವೀಪದಲ್ಲಿರುವ ನಾಸಾ ಸಂಸ್ಥೆಯ ಅವಕೆಂಪು ದೂರದರ್ಶಕ ಅದನ್ನು ದೃಢಪಡಿಸಿತು. ಜುಲೈ 23ರಂದು ಹಬಲ್ ದೂರದರ್ಶಕವೂ ಅದರ ಚಿತ್ರ ತೆಗೆಯಿತು. ಯಾವುದೋ ಆಕಾಶಕಾಯವೊಂದು ಗುರುವಿಗೆ ಬಡಿದು ಮಾಡಿದ ಗಾಯ ಅದಾಗಿತ್ತು. ಮರುವರ್ಷ ಜೂನ್ 3ರಂದು ಗುರುವಿನ ಮೇಲೆ ಎರಡು ಸೆಕೆಂಡುಗಳಷ್ಟು ಹೊತ್ತು ಬೆಳಗಿ ಆರಿದ ಮಿಂಚೊಂದನ್ನು ವೆಸ್ಲಿಯವರೇ ಕಂಡರು. ಅಷ್ಟು ಅಲ್ಪಕಾಲದ ಘಟನೆಗೆ ಒಬ್ಬನ ಸಾಕ್ಷಿ ಸಾಲದು. ಆದರೆ ಸಾವಿರಾರು ಮೈಲಿ ದೂರದ ಫಿಲಿಪೀನ್ಸಿನಲ್ಲಿ ಕ್ರಿಸ್ಟೋಫರ್ ಗೋ ಎಂಬ ಹವ್ಯಾಸಿಗಳ ವಿಡಿಯೋದಲ್ಲಿಯೂ ಅದೇ ಮಿಂಚು ದಾಖಲಾಗಿತ್ತು.

ಈಗ ಯೋಚಿಸಿರಿ. ಗುರುಗ್ರಹ ಹೇಗಿರಬೇಕೆಂಬುದನ್ನು ಮುಂಚೆಯೇ ಕಲಿತುಕೊಂಡ ಯಂತ್ರವೊಂದು ವೆಸ್ಲಿಯವರ ಚಿತ್ರವನ್ನು ಅಂದಗೊಳಿಸಿದ್ದರೆ ಆ ಕಪ್ಪು ಕಲೆಯ ಗತಿ ಏನಾಗಬಹುದಿತ್ತು? ‘ಗುರುವಿನಲ್ಲಿ ಇಂಥ ಕಲೆ ಇರುವುದಿಲ್ಲ, ಇದು ಧೂಳಿನ ಗುರುತು’ ಎಂದು ಅದು ಒರೆಸಿಹಾಕುವ ಸಂಭವವಿತ್ತು. ಗೊತ್ತಿರುವುದನ್ನೇ ತುಂಬುವ ಚಿತ್ರವು ಗೊತ್ತಿಲ್ಲದ್ದು ಬಂದಾಗ ಕುರುಡಾಗುತ್ತದೆ. ಸುಳ್ಳಿನ ಅತಿ ದೊಡ್ಡ ಹಾನಿ ಇದೇ. ಇಲ್ಲದ್ದನ್ನು ತೋರಿಸುವುದಕ್ಕಿಂತ ಮಿಗಿಲಾಗಿ, ಬಂದು ಬಾಗಿಲಲ್ಲಿ ನಿಂತ ಹೊಸ ಸತ್ಯವನ್ನು ಅದು ಒಳಗೆ ಬಿಡುವುದಿಲ್ಲ.

ಪ್ರಾಮಾಣಿಕರಾದ ಹವ್ಯಾಸಿಗಳು ಪಾಲಿಸುವ ನಿಯಮಗಳನ್ನು ನೋಡಿದರೆ ಅವು ಯಾವ ಸಾಧಕನಿಗೂ ಒಪ್ಪುವಂತಿವೆ. ಮೊದಲನೆಯದು, ಮಾಡಿದ್ದನ್ನು ಮರೆಮಾಚದಿರುವುದು. ಚಿತ್ರದ ಜೊತೆಗೆ ದಿನಾಂಕ, ನಿಮಿಷದವರೆಗೆ ಸಮಯ, ದೂರದರ್ಶಕದ ಅಳತೆ, ಬಳಸಿದ ಶೋಧಕ ಇವುಗಳನ್ನು ಬರೆಯುತ್ತಾರೆ. ಚಂದ್ರನ ನೆಲದ ವರ್ಣಗಳನ್ನು ಹಲವು ಪಟ್ಟು ಹೆಚ್ಚಿಸಿದರೆ ಟೈಟೇನಿಯಂ ಹೆಚ್ಚಾಗಿರುವ ಬಯಲುಗಳು ನೀಲಿಯಾಗಿ ತೋರುತ್ತವೆ. ಆ ಭೇದ ನಿಜವಾದದ್ದೇ. ಆದರೆ ಹೆಚ್ಚಿಸಿದ್ದೇನೆಂದು ಹೇಳಿದರೆ ಅದು ವಿದ್ಯೆ, ಹೇಳದಿದ್ದರೆ ಭ್ರಾಂತಿ. ಜಲಜನಕದ ಬೆಳಕಿನಲ್ಲಿ ತೆಗೆದ ಸೂರ್ಯನ ಚಿತ್ರಗಳಿಗೆ ಹಾಕುವ ಹೊಂಬಣ್ಣವೂ ಹೀಗೆಯೇ ಒಂದು ಸಂಕೇತ. ಸೂರ್ಯನ ಮಾತು ಬಂದುದರಿಂದ ತರುಣ ವಾಚಕರಿಗೆ ಒಂದು ಎಚ್ಚರಿಕೆ: ದೂರದರ್ಶಕದ ಮುಂಬಾಯಿಗೆ ತಕ್ಕ ಶೋಧಕವಿಲ್ಲದೆ ಅದರಿಂದ ಸೂರ್ಯನನ್ನು ಕ್ಷಣಕಾಲವೂ ನೋಡಕೂಡದು, ದೃಷ್ಟಿಯೇ ಹೋದೀತು.

ಎರಡನೆಯದು, ತನ್ನ ಸಾಧನ ಎಲ್ಲಿ ಸುಳ್ಳು ಹೇಳುತ್ತದೆಂಬುದನ್ನು ಅರಿತಿರುವುದು. ಅತಿಯಾಗಿ ಹರಿತಗೊಳಿಸಿದರೆ ಮಂಗಳನ ಬೆಳಗಿದ ಅಂಚಿನ ಒಳಗಡೆ ಇಲ್ಲದ ಒಂದು ಬಳೆ ಹುಟ್ಟುತ್ತದೆ. ಅನುಭವಿಗಳು ಅದನ್ನು ಕಂಡು ಕೈ ಹಿಂದೆಗೆಯುತ್ತಾರೆ. ಚಿತ್ರ ಇನ್ನೂ ಅಂದವಾಗಲೆಂಬ ಆಸೆಯನ್ನು ಸಾಕೆಂದು ನಿಲ್ಲಿಸುವ ಸಂಯಮ ಅದು.

ಮೂರನೆಯದು, ಮೂಲವನ್ನು ಕಾಪಾಡುವುದು. ಕೊಡೈಕನಾಲಿನ ವೀಕ್ಷಣಾಲಯದಲ್ಲಿ 1904ರಿಂದ ಆರಂಭಿಸಿ ಸೂರ್ಯಬಿಂಬದ ಛಾಯಾಫಲಕಗಳನ್ನು ತೆಗೆದು ಜೋಪಾನವಾಗಿ ಇರಿಸಿದರು. ನೂರು ವರ್ಷಗಳ ತರುವಾಯ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಅವುಗಳನ್ನು ಗಣಕಯಂತ್ರಕ್ಕೆ ಇಳಿಸಿ ಹೊಸದಾಗಿ ಅಭ್ಯಸಿಸುವಂತಾದದ್ದು ಮೂಲಫಲಕಗಳು ಉಳಿದಿದ್ದುದರಿಂದ. ತಿದ್ದಿದವನು ಮೂಲವನ್ನು ಉಳಿಸಿದ್ದರೆ ಅವನ ತಪ್ಪನ್ನು ಮುಂದಿನವನು ತಿದ್ದಬಲ್ಲ. ಮೂಲವನ್ನು ನಾಶಮಾಡಿದವನು ತನ್ನನ್ನು ಪ್ರಶ್ನಿಸುವ ಹಕ್ಕನ್ನೇ ಲೋಕದಿಂದ ಕಸಿದುಕೊಂಡಂತೆ.

ವಾಚಕರೇ, ನಮ್ಮಲ್ಲಿ ಬಹುಮಂದಿ ಗ್ರಹಗಳ ಚಿತ್ರ ತೆಗೆಯುವವರಲ್ಲ. ಆದರೆ ಮನುಷ್ಯರ ಚಿತ್ರಗಳನ್ನು ದಿನವೂ ಬರೆಯುತ್ತೇವೆ. ಅಣ್ಣತಮ್ಮಂದಿರು ಹಿಸ್ಸೆಯ ವ್ಯಾಜ್ಯವನ್ನು ಹೊತ್ತು ಮಠಕ್ಕೆ ಬಂದಾಗ ಇಬ್ಬರ ಮಾತುಗಳನ್ನೂ ನಾವು ಆಲಿಸುತ್ತೇವೆ. ಇಬ್ಬರೂ ಬೇಕೆಂದು ಸುಳ್ಳಾಡುವವರಲ್ಲ. ಆದರೆ ಮೂವತ್ತು ವರ್ಷಗಳ ಒಡನಾಟದ ಸಾವಿರಾರು ನೆನಪುಗಳಿಂದ ತನ್ನ ಪಕ್ಷಕ್ಕೆ ಒದಗುವ ಹತ್ತನ್ನು ಆರಿಸಿ, ಒಂದರ ಮೇಲೊಂದು ಹೊಂದಿಸಿ, ಹರಿತಗೊಳಿಸಿ ತಂದಿರುತ್ತಾನೆ ಒಬ್ಬ. ಇನ್ನೊಬ್ಬನೂ ಹಾಗೆಯೇ. ಹತ್ತೂ ನೆನಪುಗಳು ನಿಜವಾಗಿರಬಹುದು. ಅವುಗಳಿಂದ ಮೂಡಿದ ಅಣ್ಣನ ಚಿತ್ರ ಮಾತ್ರ ಮಂಗಳನ ಕಾಲುವೆಯಂತೆ. ಕೋಪ ಕಲಕಿದ ಕ್ಷಣದಲ್ಲಿ ಕಂಡ ಮುಖವನ್ನು ಇಟ್ಟುಕೊಂಡು, ಮನಸ್ಸು ತಿಳಿಯಾಗಿದ್ದ ಕ್ಷಣದಲ್ಲಿ ಕಂಡದ್ದನ್ನು ಬಿಟ್ಟುಬಿಡುವುದು ಛಾಯಾಚಿತ್ರಕಾರನ ನಿಯಮಕ್ಕೆ ತೀರ ವಿರುದ್ಧವಲ್ಲವೇ? ಹಾಗೆಯೇ ಅಗಲಿದ ಹಿರಿಯರ ಚರಿತ್ರೆ ಬರೆಯುವಾಗ, ಮಹಾತ್ಮರೆಂದರೆ ಹೀಗಿರಬೇಕೆಂದು ಮುಂಚೆಯೇ ಕಲಿತ ಅಚ್ಚಿನಿಂದ ವಿವರಗಳನ್ನು ತುಂಬುತ್ತೇವೆ. ಆಗ ಎಲ್ಲ ಹಿರಿಯರೂ ಒಂದೇ ರೂಪಿನವರಾಗುತ್ತಾರೆ. ಆ ಒಬ್ಬರಲ್ಲಿಯೇ ಇದ್ದ ವಿಶೇಷ, ವೆಸ್ಲಿಯವರ ಕಪ್ಪು ಕಲೆಯಂತೆ, ದೋಷವೆಂದು ಅಳಿಸಿಹೋಗುತ್ತದೆ. ಭಕ್ತಿಯಿಂದ ಮಾಡಿದರೂ ಅದು ಅವರಿಗೆ ಬಗೆದ ಅಪಚಾರವೇ.

ಆದುದರಿಂದ ತಿದ್ದಿದ ಚಿತ್ರವು ಸತ್ಯವಾಗಬಲ್ಲುದೇ ಎಂಬ ಪ್ರಶ್ನೆಗೆ ಆಗಬಲ್ಲುದೆಂದೇ ನಮ್ಮ ಉತ್ತರ. ಅದಕ್ಕೆ ಇರುವ ಪರೀಕ್ಷೆ ಒಂದೇ: ನಾವು ಅನುಸರಿಸಿದ ನಿಯಮವು ನಮಗೆ ಬೇಡವಾದದ್ದನ್ನೂ ಒಳಗೆ ಬಿಡುವಂತಿದೆಯೇ? ಯಾರನ್ನು ಕುರಿತಾಗಲಿ ಒಂದು ಅಭಿಪ್ರಾಯವನ್ನು ಕಟ್ಟಿಕೊಳ್ಳುವ ಮುನ್ನ, ‘ಇದಕ್ಕೆ ವಿರುದ್ಧವಾದದ್ದು ನನ್ನೆದುರು ಬಂದಿದ್ದರೆ ನಾನು ಅದನ್ನು ಉಳಿಸಿಕೊಳ್ಳುತ್ತಿದ್ದೆನೇ?’ ಎಂದು ತನ್ನನ್ನು ತಾನು ಕೇಳಿಕೊಳ್ಳುವುದು ಪ್ರತಿಯೊಬ್ಬನ ಕರ್ತವ್ಯ. ಗಾಳಿ ತಿಳಿಯಾಗುವ ಕ್ಷಣಕ್ಕಾಗಿ ಕಾಯುವ ತಾಳ್ಮೆಯೂ, ಕಂಡದ್ದನ್ನು ಮರಳಿ ಸಂದೇಹಿಸಿ ನೋಡುವ ಧೈರ್ಯವೂ, ಮಾಡಿದ್ದನ್ನು ಮರೆಮಾಚದ ನೇರವೂ ನಮ್ಮೆಲ್ಲರ ನಡೆನುಡಿಗಳಲ್ಲಿ ನೆಲೆಗೊಳ್ಳಲೆಂದು ಹಾರೈಸುತ್ತೇವೆ.